ಅತ್ತಿಗೆಯ ಮೇಲ್ಮಣ್ಣು

ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ಅವಸರ’ ಎಂದೇ. ಏಳನೇ ತಿಂಗಳಿಗೇ ಹುಟ್ಟಿದವನು. “ಒಂಬತ್ತು ತುಂಬೋವರೆಗೆ ಒಳಗೆ ಕೂತ್ಕೊಳ್ಳೋಕಾಗ್ಲಿಲ್ಲ, ಇನ್ನು ಒಲೆ ಮೇಲಿರೋದು ಬೇಯೋವರೆಗೆ ಕಾಯ್ತಾನಾ?” ಎಂದು ಅತ್ತಿಗೆ ಛೇಡಿಸುತ್ತಿದ್ದಳು.

ಅಣ್ಣ ತೀರಿಕೊಂಡ ಮೇಲೆ ಹೊಲವನ್ನು ಇವರಿಬ್ಬರೇ ನೋಡಿಕೊಳ್ಳುತ್ತಿದ್ದರು. ಯಂತ್ರ, ನೀರು, ಮಾರಾಟ ಅವನ ಪಾಲಿಗೆ. ಮಣ್ಣು ಮಾತ್ರ ಅತ್ತಿಗೆಯದು. ಅವಳು ಸೊಸೆಯಾಗಿ ಬಂದಾಗ ಹೊಲದ ಮೇಲ್ಭಾಗದಲ್ಲಿ ಗುದ್ದಲಿ ಹಾಕಿದರೆ ಠಣ್ಣನೆ ಸದ್ದಾಗುತ್ತಿತ್ತಂತೆ. ಸಗಣಿ, ಕೊಳೆತ ಹುಲ್ಲು, ತರಗೆಲೆ ಹೊತ್ತು ಹಾಕಿದಳು. ಸೆಣಬು ಬೆಳೆದು, ಹೂ ಬಿಡುವ ಮುಂಚೆಯೇ ಅದನ್ನು ಉತ್ತು ಮಣ್ಣಿಗೇ ಸೇರಿಸಿದಳು. ಅರ್ಧ ಆಯುಸ್ಸು ಸವೆಸಿದ್ದಕ್ಕೆ ಗೇಣು ತುಂಬದಷ್ಟು ಕಪ್ಪು ಮಣ್ಣು ಮೇಲೆದ್ದಿತ್ತು. ದಿನಾ ಬೆಳಗ್ಗೆ ಒಂದು ಹಿಡಿ ಎತ್ತಿ ಮೂಸಿ ನೋಡಿದ ಮೇಲೇ ಅವಳಿಗೆ ಬೇರೆ ಕೆಲಸ.

ಆದರೆ ಹೊಲ ಇಳಿಜಾರು. ಹಾಯಿಸಿದ ನೀರೆಲ್ಲ ಕೆಳಗೆ ಓಡಿ, ಮೇಲಿನ ಬೆಳೆಗೆ ಬಾಯಾರಿಕೆ, ಕೆಳಗಿನದಕ್ಕೆ ಬೇರು ಕೊಳೆ. ರೈತರ ಸಂಘ ಲೇಸರ್ ಬೆಳಕಿನ ಗೆರೆ ಹಿಡಿದು ನೆಲ ಸಮ ಮಾಡುವ ಯಂತ್ರ ತಂದಾಗ ಅತ್ತಿಗೆಯೂ ಒಪ್ಪಿದಳು.

“ಒಂದೇ ಮಾತು ಕೇಳು. ಮೊದಲು ಮೇಲ್ಮಣ್ಣು ಕೆರೆಸಿ ಬದಿಗೆ ಗುಡ್ಡೆ ಹಾಕ್ಸು. ಅಡಿಮಣ್ಣು ಸಮ ಆದ್ಮೇಲೆ ವಾಪಸ್ ಹರಡ್ಸು. ಹಾಸಿಗೆ ಎತ್ತಿಟ್ಟು ಮಂಚ ಸರಿ ಮಾಡ್ತೀವಲ್ಲ, ಹಾಗೆ.”

“ಅಯ್ಯೋ, ಗೊತ್ತು ಬಿಡಿ ಅತ್ತಿಗೆ.”

ಅವಳು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಪೇಟೆಗೆ ಹೋದಳು. ಧೂಳು ಸೋಕಬಾರದೆಂದು ಡಾಕ್ಟರು ಹೇಳಿದ್ದರಿಂದ ಮಗಳ ಮನೆಯಲ್ಲೇ ಉಳಿದಳು. ಅಷ್ಟರಲ್ಲಿ ಯಂತ್ರದ ಸರದಿ ಬಂತು.

“ಮೇಲ್ಮಣ್ಣು ಎತ್ತಿಡೋದಾ, ಹಾಗೇ ಎಳೆಯೋದಾ?” ಯಂತ್ರದವನು ಕೇಳಿದ. “ಎತ್ತಿಡೋದಾದ್ರೆ ಎರಡರಷ್ಟು ಕೆಲಸ.”

ಆಕಾಶದಂಚಿನಲ್ಲಿ ಮೋಡ. ಮುಂದಿನ ಸರದಿಯ ಪಕ್ಕದ ಹೊಲದವನು ಬದುವಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ.

“ಎಳೀರಿ. ನಮ್ಮ ಹೊಲದ ಮಣ್ಣು ನಮ್ಮ ಹೊಲದಲ್ಲೇ ಇರುತ್ತೆ. ಎಲ್ಲಿಗೆ ಓಡಿಹೋಗುತ್ತೆ?”

ಸಂಜೆಗೆ ಹೊಲ ಮೇಜಿನ ಹಾಗೆ ಸಪಾಟಾಯಿತು. ನೋಡಿದವರೆಲ್ಲ ಭೇಷ್ ಎಂದರು. ಹನಿ ನೀರಾವರಿಯ ಪೈಪು ಎಳೆಸಿ ಬಿತ್ತನೆಯನ್ನೂ ಮುಗಿಸಿಬಿಟ್ಟ. ಅತ್ತಿಗೆ ಫೋನಿನಲ್ಲಿ, “ಮೇಲ್ಮಣ್ಣು ಎತ್ತಿಡ್ಸಿದೆ ತಾನೆ?” ಎಂದಳು. ಅವನು ಯೋಚಿಸುವ ಮೊದಲೇ “ಹೂಂ” ಎಂಬುದು ಬಾಯಿಂದ ಹೊರಬಿದ್ದಿತ್ತು.

ಮೊಳಕೆ ಬಂದಾಗ ಹೊಲ ಎರಡು ಬಣ್ಣವಾಯಿತು. ಮಣ್ಣು ಎಳೆದು ತುಂಬಿದ ಕೆಳಭಾಗದಲ್ಲಿ ಕಡು ಹಸಿರು. ಕೆರೆದ ಮೇಲ್ಭಾಗದಲ್ಲಿ ಅರಿಶಿನ ಕಾಮಾಲೆ ಹಿಡಿದಂಥ ಪೈರು. ನೀರು ಇಂಗದೆ ನಿಂತು, ಒಣಗಿದ ಮೇಲೆ ನೆಲ ಬಿರಿಯಿತು. ಗೊಬ್ಬರ ಕರಗಿಸಿ ಪೈಪಿನಲ್ಲಿ ಬಿಟ್ಟ. ಹಲ್ಲಿಲ್ಲದವನಿಗೆ ಕಬ್ಬು ಕೊಟ್ಟ ಹಾಗಾಯಿತು. ಆಗ ಅವನಿಗೆ ನಿದ್ದೆ ಕೆಟ್ಟಿತು. ಫೋನು ಮಾಡಿ ಹೇಳಿಬಿಡಬೇಕೆಂದು ದಿನಾ ಕೈಗೆತ್ತಿಕೊಳ್ಳುವನು, ಕಣ್ಣು ಹೇಗಿದೆ ಎಂದಷ್ಟೇ ಕೇಳಿ ಇಟ್ಟುಬಿಡುವನು. ಜೀವಮಾನದಲ್ಲಿ ಮೊದಲ ಸಲ ಅವಸರ ನಿಧಾನ ಮಾಡಿದ್ದ.

ಅತ್ತಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಮನೆಗೂ ಹೋಗದೆ ಸೀದಾ ಹೊಲಕ್ಕೇ ನಡೆದಳು. ಬದುವಿನ ಮೇಲೆ ನಿಂತು ಕನ್ನಡಕ ತೆಗೆದಳು.

“ಎಷ್ಟು ಚೆನ್ನಾಗಿ ಕಾಣ್ಸುತ್ತೆ ಈಗ,” ಎಂದಳು ಮೆಲ್ಲಗೆ.

ಅವನು ತಲೆ ತಗ್ಗಿಸಿದ. “ಬೈದುಬಿಡಿ ಅತ್ತಿಗೆ.”

ಅವಳು ಬೈಯಲಿಲ್ಲ. ಬಗ್ಗಿ ಮೇಲಿನ ಹೊಲದ ಹೆಂಟೆಯೊಂದನ್ನು ಎತ್ತಿ ಅಂಗೈಯಲ್ಲಿ ಹಿಚುಕಿದಳು. ಅದು ಪುಡಿಯಾಗಲಿಲ್ಲ. ಮೂಗಿನ ಹತ್ತಿರ ಒಯ್ದು, ಅರ್ಧಕ್ಕೇ ಕೈ ಇಳಿಸಿದಳು.

“ಎಲ್ಲಿ ಹೋಯ್ತು?”

“ಕೆಳಗಿನ ಮೂಲೇಲಿ ಬಿದ್ದಿದೆ. ಅಡಿಮಣ್ಣಿನ ಜೊತೆ ಕಲಸಿಹೋಗಿದೆ. ಬೆಳೆ ಕಿತ್ತುಹಾಕಿ ನಾಳೇನೇ ಟ್ರಾಕ್ಟರ್ ತರಿಸ್ತೀನಿ, ಬಗೆದು ಎಲ್ಲಾ ವಾಪಸ್—”

“ನಾಳೇನೇ!” ಅವಳಿಗೆ ನಗು ಬಂತು; ಆ ನಗು ಬೈಗುಳಕ್ಕಿಂತ ಜೋರಾಗಿ ತಾಗಿತು. “ಹಾಲಿಗೆ ಸೇರಿದ ನೀರನ್ನ ಸೋಸ್ತೀಯೇನೋ? ಕೆಳಗಿನ ಪೈರಾದರೂ ಬದುಕಲಿ, ಬಿಡು. ಮಣ್ಣು ಸಾಯಲ್ಲ ಕಣೋ. ಮತ್ತೆ ಬರುತ್ತೆ. ಸೆಣಬು ಹಾಕು, ಉಳು, ತರಗು ಹೊರು. ಆದ್ರೆ ನಾನು ಹೊರುವಾಗ ನನಗೆ ಮೊಣಕಾಲಿತ್ತು.”

“ನಾನು ಹೊರ್ತೀನಿ. ಎಷ್ಟು ದಿನಕ್ಕೆ ಬರುತ್ತೆ ಅತ್ತಿಗೆ?” ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

“ನನ್ನ ವಯಸ್ಸಿಗೆ ನೀನು ಬಂದಾಗ ಒಂದು ಹಿಡಿ ಎತ್ತಿ ಮೂಸು. ಗೊತ್ತಾಗುತ್ತೆ. ಆಗ ನನ್ನ ಕೇಳೋಕೆ ಬರಬೇಡ, ನಾನೆಲ್ಲಿರ್ತೀನೋ.”

ಮತ್ತೆ ಕನ್ನಡಕ ಹಾಕಿಕೊಂಡು ಮನೆಯ ಕಡೆ ಹೊರಟಳು. ಹೆಂಟೆ ಅವಳ ಕೈಯಲ್ಲೇ ಇತ್ತು. ಎಸೆಯಲು ಮನಸ್ಸು ಬಾರದೆ, ಬದುವಿನ ಕೊನೆಯಲ್ಲಿ ಬಗ್ಗಿ ಅದನ್ನು ಮೆಲ್ಲಗೆ ಕೆಳಗಿಟ್ಟಳು.

ಅವನು ಕೊಟ್ಟಿಗೆಯಿಂದ ಬುಟ್ಟಿ ತಂದು ಬೇಲಿಯ ಮರಗಳ ಕೆಳಗೆ ಕೂತು ತರಗೆಲೆ ತುಂಬತೊಡಗಿದ. ಎಲೆ ಹಗುರ, ಎಷ್ಟು ತುಂಬಿದರೂ ಬುಟ್ಟಿಗೆ ತೂಕವೇ ಬರಲಿಲ್ಲ.