ಉಗುರು ನೋಡುವ ಡೆಲ್ಮರ್

ಡೆಲ್ಮರ್ ಹಾಸ್ಟೆಟರ್ ಮನುಷ್ಯರ ಮುಖ ನೋಡುತ್ತಿರಲಿಲ್ಲ, ಉಗುರು ನೋಡುತ್ತಿದ್ದ. ಅಮೆರಿಕದ ಟೊಲೆಡೊದ ನಮ್ಮ ಬ್ಯಾನರ್ ಅಂಗಡಿಯಲ್ಲಿ ಮಂಚದಷ್ಟು ಅಗಲದ ಪ್ರಿಂಟರಿನ ದುರಸ್ತಿ ಅವನ ಸುಪರ್ದಿಯಲ್ಲಿತ್ತು. ಅದರ ಹತ್ತಿರ ಸುಳಿದವರ ಬೆರಳ ತುದಿಯಲ್ಲಿ ಇಂಕಿನ ಸಾಕ್ಷ್ಯವೇನಾದರೂ ಉಳಿದಿದೆಯೇ ಎಂದು ಅವನ ಕಣ್ಣು ತಡಕುತ್ತಿತ್ತು. ಬೇಸಗೆಯಲ್ಲೂ ಬಿಚ್ಚದ ಕಂದು ಕೋಟು, ಅದರ ಜೇಬಿನ ತುಂಬ ಮಡಿಸಿಟ್ಟ ಬಿಳಿ ಕಾಗದ, ಒಂದು ಮೊಣಕಾಲನ್ನು ಹಿಂದಿನಿಂದ ಎಳೆದು ತರುವ ನಡಿಗೆ. ಹೊರಗೆ ಹಿಮ ಬೀಳುತ್ತಿದೆ ಎಂದರೆ “ಹಾಗಂತ ಹೇಳ್ತಾರೆ” ಎಂದು ಕಿಟಕಿಯವರೆಗೆ ಹೋಗಿ ನೋಡಿಬರುತ್ತಿದ್ದ. ತಾನು ಮುಟ್ಟಿದ ವಸ್ತುವಿಗೆಲ್ಲ, ಕಾಫಿ ಲೋಟದ ತಳಕ್ಕೂ, ಪೆನ್ಸಿಲಿನಲ್ಲಿ ತಾರೀಖು ಬರೆದು ರುಜು ಹಾಕುತ್ತಿದ್ದ. ಯಾರಾದರೂ ಅದಲುಬದಲು ಮಾಡಿದರೆ ಗೊತ್ತಾಗಬೇಕಲ್ಲ.

ಆ ವರ್ಷ ಈಸ್ಟರಿಗೆ ಮುಂಚಿನ, ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸದ ದಿನಗಳಲ್ಲಿ, ಚರ್ಚಿನ ಶುಕ್ರವಾರದ ಮೀನೂಟಕ್ಕೆಂದು ಅಚ್ಚಾಗುತ್ತಿದ್ದ ಬ್ಯಾನರಿನ ಮೇಲೆ ಕೆಂಪು ಹನಿ ಬಿತ್ತು. ಚಿತ್ರದಲ್ಲಿನ ಹುರಿದ ಮೀನು ರಕ್ತ ಕಾರಿಕೊಂಡಂತಿತ್ತು. ಮೂರು ಬ್ಯಾನರ್ ಹಾಗೇ ಕೆಟ್ಟವು, ಮೂರೂ ಸಲ ವಾಂಡಾ ಕೆಂಪು ಇಂಕು ತುಂಬಿಸಿದ ಮೇಲೆ. ಹನ್ನೊಂದು ವರ್ಷದಿಂದ ಆ ಯಂತ್ರ ನಡೆಸುತ್ತಿದ್ದ ಹೆಂಗಸು ಅವಳು. ಡೆಲ್ಮರ್ ಯಜಮಾನ ಗಾರ್ಲೆಂಡನ ಕಿವಿಯಲ್ಲಿ, ಅವಳು ತುಂಬಿಸಿದಾಗಲೇ ಯಾಕೆ ಸೋರುತ್ತದೋ ಕೇಳಿನೋಡಿ ಎಂದು ಊದಿದ. ಗಾರ್ಲೆಂಡ್ ಕೇಳುವ ಗೋಜಿಗೇ ಹೋಗಲಿಲ್ಲ. ಬ್ಯಾನರಿನ ಮೇಲೆ ಇನ್ನೊಂದು ಹನಿ ಬಿದ್ದರೆ ವಾಂಡಾ ಸೋಮವಾರದಿಂದ ಬರುವುದು ಬೇಡ ಎಂದುಬಿಟ್ಟ.

ವಾಂಡಾ ನೇರ ಡೆಲ್ಮರನ ಮುಂದೆ ಬಂದು ಹತ್ತೂ ಬೆರಳು ಚಾಚಿದಳು. “ನೋಡ್ಕೋ ಮಾರಾಯ, ಕಾಲಿನ ಉಗುರೂ ಬೇಕಾದ್ರೆ ಬೂಟು ಬಿಚ್ತೀನಿ.”

ಅವನು ಇಂಕಿನ ಕೊಳವೆಯ ಒಂದೊಂದು ಕೀಲಿನ ಕೆಳಗೂ ಬಿಳಿ ಕಾಗದ ಹಾಸಿ, ಅಂಕಿ ಬರೆದು ಕಾವಲು ಕೂತ. ಯಾವ ಕಾಗದವೂ ಒದ್ದೆಯಾಗಲಿಲ್ಲ. ಪ್ರಿಂಟರಿನ ಇಂಕು ಚಿಮ್ಮುವ ತಲೆಯ ಕೆಳಗೆ ಹಾಸಿದ್ದು ಮಾತ್ರ, ಯಂತ್ರ ಸುಮ್ಮನಿದ್ದಾಗಲೂ ನೆನೆಯಿತು. ಹಳೆಯ ತಿರುಪು ಬದಲಿಸಿದ, ಕೊಳವೆ ಬದಲಿಸಿದ, ಇಂಕು ಮಾರಿದವನನ್ನು ಫೋನಿನಲ್ಲಿ ಅಡ್ಡಪ್ರಶ್ನೆ ಹಾಕಿ ಅಳಿಸುವುದೊಂದು ಬಾಕಿ. ಅಂಚು ಹೊಲಿಯುವ ನನ್ನ ಮೇಜಿಗೂ ಬಂದು ಸೂಜಿ ಎಣಿಸಿ ಹೋದ.

ಗುರುವಾರ ವಾಂಡಾಳನ್ನು ಯಂತ್ರದಿಂದ ದೂರ ಕೂರಿಸಿ, ಕೊಳವೆಗೆ ಕೆಂಪು ಇಂಕು ಹರಿಸುವ ಬಾಟಲಿಯನ್ನು ತಾನೇ ತುಂಬಿಸಿದ. ಗಂಟೆಯೊಳಗೆ ಹನಿ ಬಿತ್ತು.

ಅವನು ನನ್ನಿಂದ ದಾರದುಂಡೆ ಕೇಳಿ ಒಯ್ದು, ಬಾಟಲಿಯಿಂದ ಆ ತಲೆಯವರೆಗೆ ಮಟ್ಟವಾಗಿ ಹಿಡಿದು ನೋಡಿದ. ಕೆಂಪು ಬಾಟಲಿಯ ಇಂಕು ತಲೆಗಿಂತ ನಾಲ್ಕು ಬೆರಳು ಮೇಲಿತ್ತು. ತುಂಬಿದಾಗಲೆಲ್ಲ ಇಂಕು ತನ್ನ ಭಾರಕ್ಕೆ ತಾನೇ ಇಳಿದು ತೊಟ್ಟಿಕ್ಕುತ್ತಿತ್ತು. ಬಾಟಲಿ ಎತ್ತಿದ. ಕೆಳಗೊಂದು ಮರದ ತುಂಡು, ಅದರ ಮೇಲೆ ಜನವರಿಯ ತಾರೀಖು, ಅವನದೇ ರುಜು. ಯಾರೋ ಇಂಕು ಪೋಲು ಮಾಡುತ್ತಿದ್ದಾರೆಂಬ ಗುಮಾನಿಗೆ, ಕೂತಲ್ಲಿಂದಲೇ ಬಾಟಲಿ ಕಾಣಲೆಂದು ಅವನೇ ಇಟ್ಟಿದ್ದ. ಅಕ್ಷರ ಯಾರಾದರೂ ನಕಲು ಮಾಡಿದ್ದಾರೇನೋ ಎಂದು ಕನ್ನಡಕ ತೆಗೆದು, ಹಾಕಿ, ಎರಡು ಸಲ ನೋಡಿದ್ದನ್ನು ನಾನು ಕಂಡಿದ್ದೇನೆ.

ಆಮೇಲೆ ಆ ತುಂಡನ್ನು ಕೋಟಿನೊಳಗೆ ಅಡಗಿಸಲಿಲ್ಲ. ವಾಂಡಾಳನ್ನೂ ಕರೆದುಕೊಂಡು ಹೋಗಿ ಗಾರ್ಲೆಂಡನ ಮೇಜಿನ ಮೇಲಿಟ್ಟ. “ಸೋರಿಸಿದ್ದು ನಾನು. ಇವಳ ಮೇಲೆ ದೂರು ಹೇಳಿದ್ದೂ ನಾನೇ. ರುಜು ಇದೆ, ನೋಡಿ.”

“ಹಾಗಂತ ಹೇಳ್ತಾರೆ,” ಅಂದಳು ವಾಂಡಾ.

ಅವನು ನಗಲಿಲ್ಲ, ಮೊದಲ ಸಲ ಅವಳ ಮುಖ ನೋಡಿದ. ಸೋಮವಾರ ಅವಳು ಎಂದಿನಂತೆ ಬಂದಳು, ಅವನು ಎಂದಿನಂತೆ ಉಗುರು ನೋಡಿದ, ತನ್ನವನ್ನು ಮೊದಲು.

ಇಂಥವರ ಜೊತೆ ಒಂದೇ ಸೂರಿನಡಿ ದುಡಿಯುವುದು ಮುಳ್ಳಿನ ಮೇಲಿದ್ದಂತೆ. ಅವರ ಸಂಶಯ ಎಲ್ಲರ ಮನೆಯ ಕದವನ್ನೂ ತಟ್ಟುತ್ತದೆ, ತಪ್ಪಿಲ್ಲದವರ ಅನ್ನಕ್ಕೂ ಕೈ ಹಾಕುತ್ತದೆ. ಆದರೆ ಅವರಲ್ಲಿ ಕೆಲವರು, ಅದು ತಿರುಗಿ ತಿರುಗಿ ತಮ್ಮ ಬಾಗಿಲಿಗೇ ಬಂದು ನಿಂತಾಗ, ಒಳಗಿಂದ ಅಗುಳಿ ಹಾಕಿಕೊಳ್ಳುವುದಿಲ್ಲ.