ಈರಮ್ಮನ ಕಲ್ಲುಗುಪ್ಪೆ

“ಏಯ್ ಮಾರಿ, ಗಾರೆ ಕಲಸ್ತಿದ್ದೀಯೋ, ಕುರಿ ಮೈ ತೊಳೀತಿದ್ದೀಯೋ? ಸೀಕ್ರಂ ಕೈಯಾಡ್ಸೇ ಮುಂಡೆ!”

ಮುರುಗೇಶನ್ ಗುಡ್ಡದ ಮೇಲೂ ಕುರ್ಚಿ ಹೊರಿಸಿಕೊಂಡು ಬಂದು, ಕೊಡೆ ಬಿಚ್ಚಿ ಕೂತಿದ್ದ. ಬಿಸಿಲಲ್ಲಿ ಬೋರ್ಡಿನ ಕಂಬಕ್ಕೆ ಸಿಮೆಂಟು ಕಲಸುತ್ತಿದ್ದ ಮಾರಕ್ಕ ಸಲಿಕೆ ನಿಲ್ಲಿಸಲಿಲ್ಲ.

“ನಮ್ಮೋರು ಕುರಿಗೆ ನೀರೇ ಉಯ್ಯಾದು ಸಾಮಿ. ಸಿಮೆಂಟು ದೊಡ್ಡೋರ ಮನೆ ಕುರಿಗೇನೋ.”

ಸೊಸೆ ರೋಜಾ ಸೆರಗು ಬಾಯಿಗಿಟ್ಟುಕೊಂಡಳು. ಮುರುಗೇಶನ್‌ನ ಆಡುಗಳನ್ನು ಕಾಯುವವರೂ ಈ ಅತ್ತೆ ಸೊಸೆಯರೇ, ಕರೆದಾಗ ಕೂಲಿಗೆ ಬರಬೇಕಾದವರೂ ಇವರೇ. ಬೈಗುಳ ಮಾತ್ರ ಕೂಲಿಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ತಮಿಳುನಾಡಿನ ಪೆನ್ನಾಗರಂ ಕಾಡಂಚಿನ ಆ ಗುಡ್ಡದ ಬಂಡೆಯಲ್ಲಿ ಬೇಸಿಗೆಗೂ ಬತ್ತದ ದೊಣೆಯೊಂದಿದೆ. ಹಿಂದೊಮ್ಮೆ ಅದರೊಳಕ್ಕೆ ಬಿದ್ದ ಮರಿಯನ್ನೆತ್ತಲು ಮಾರಕ್ಕನ ಮುತ್ತಜ್ಜಿ ಈರಮ್ಮ ಇಳಿದಳು. ಮರಿಯನ್ನು ಮೇಲಕ್ಕೆ ಕೊಟ್ಟಳು, ತಾನು ಬರಲಿಲ್ಲ. ಅಂದಿನಿಂದ ಅದು ಈರಮ್ಮನ ದೊಣೆ. ಮಂದೆಗೆ ನೀರು ಕುಡಿಸಿದವರು ಪಕ್ಕದ ಗುಪ್ಪೆಗೆ ಒಂದು ಕಲ್ಲಿಟ್ಟು, “ಈರಮ್ಮ, ಕುಡುದ್ವು ಕಣವ್ವ” ಎಂದು ಹೇಳಿಯೇ ಇಳಿಯಬೇಕು. ಗುಪ್ಪೆಯ ಕಲ್ಲು ಕಿತ್ತವನ ಕುರಿ ದಿನ ತುಂಬುವ ಮೊದಲೇ ಕಂದು ಹಾಕುತ್ತದೆ ಎಂಬುದು ಮಾತು.

ಇದೇ ನೀರಿನ ಬಾಡಿಗೆಯೆಂದು ಮುರುಗೇಶನ್‌ನ ತಾತ ಚಿನ್ನಣ್ಣ ಮಂದೆಗೊಂದು ಟಗರು ಎಳೆದುಕೊಂಡು ಹೋಗುತ್ತಿದ್ದನಂತೆ.

ಗುಡ್ಡ, ಕೆರೆ, ದೊಣೆಗಳಿಗೆ ಕಾಗದದಲ್ಲಿರುವ ಹೆಸರಿನ ಜೊತೆ ಜನ ಕರೆಯುವ ಹೆಸರನ್ನೂ ಬೋರ್ಡಿನಲ್ಲಿ ಬರೆಸುತ್ತೇವೆ ಎಂದು ತಾಲ್ಲೂಕು ಆಫೀಸಿನ ಸತೀಶ್‌ಕುಮಾರ್ ಬಂದು ಹೇಳಿದ್ದ. ಮಾರಕ್ಕ ಖುಷಿಗೆ ಅವನಿಗೆ ಎರಡು ಲೋಟ ಮಜ್ಜಿಗೆ ಕುಡಿಸಿದ್ದಳು. ಬರೆಸುವ ಹೊಣೆ ಮುರುಗೇಶನ್‌ಗೆ ಬಿತ್ತು. ಹಾಲಿನ ಕಾವಲಿಗೆ ಬೆಕ್ಕು ಕೂತಿತು.

ಬೋರ್ಡಿನ ಗೋಣಿ ಬಿಚ್ಚಿದಾಗ ರೋಜಾ ಓದಿದಳು. “ಅತ್ತೆ, ಮೇಲೆ ತಮಿಳ್ನಾಗೆ ‘ಚಿನ್ನಣ್ಣನ್ ಸುನೈ’ ಅಂತೈತೆ, ಚಿನ್ನಣ್ಣನ ದೊಣೆ ಅಂತ. ಕೆಳಗೆ ಅದೇ ಇಂಗ್ಲಿಷ್ನಾಗೈತೆ.”

“ನಮ್ಮ ಈರಮ್ಮ ಎಲ್ಲೋದ್ಲು ಸಾಮಿ?”

“ಎರಡು ಸಾಲು ಬರ್ಸು ಅಂದ್ರು, ಬರ್ಸಿದೀನಿ. ಯಾವೋಳ್ಲೇ ಈರಮ್ಮ? ಪಟ್ಟಾ ಐತಾ ಅವಳ ಹೆಸ್ರಿಗೆ? ನಾಳಿಂದ ಇಲ್ಲಿ ನೀರು ಕುಡ್ಸಕ್ಕೆ ನನ್ನ ಕೇಳ್ಬೇಕು. ಪುರಿಂಜುದಾ? ತಿಳೀತಾ?”

ಮಾರಕ್ಕ ಗುಪ್ಪೆಯ ಕಡೆ ನೋಡಿದಳು. ಈರಮ್ಮನಿಗೆ ಸಮಾಧಿ ಇಲ್ಲ, ಗೋಡೆಯ ಮೇಲೊಂದು ಫೋಟೋ ಇಲ್ಲ. ಇದ್ದದ್ದು ಅದೊಂದು ಹೆಸರು. ಅದೂ ಹೋದರೆ ಹಿಂದೆಯೇ ನೀರೂ ಹೋಗುತ್ತದೆ.

ಕಂಬ ನೆಡಲು ಬಂಡೆ ಎಲ್ಲೂ ಗುಂಡಿ ತೋಡಗೊಡಲಿಲ್ಲ. ಹಾರೆ ಬಿದ್ದಲ್ಲೆಲ್ಲ ಕಿಡಿ. ಮುರುಗೇಶನ್‌ಗೆ ಬೇಸರ ಬಂತು.

“ಆ ಕಲ್ಲುಗುಪ್ಪೆ ನಡುವೆ ನೆಡ್ರಲೇ! ಅದಕ್ಕೂ ನಾನೇ ಬುದ್ಧಿ ಹೇಳ್ಬೇಕಾ?”

ಬೇಡ ಎನ್ನಲು ಬಾಯಿ ತೆರೆದ ರೋಜಾಳ ಕಾಲನ್ನು ಮಾರಕ್ಕ ಮೆಲ್ಲಗೆ ತುಳಿದಳು.

“ಸಾಮಿ ಏಳಿದ್ಮೇಲೆ ಮುಗೀತು. ಅಲ್ಲೇ ನೆಡಾನ.”

ಬೋರ್ಡು ಗುಪ್ಪೆಯ ಮೇಲೆ ಸೊಂಟದೆತ್ತರಕ್ಕೆ ನಿಂತಿತು. ಮರುದಿನದಿಂದ ಮಂದೆಗಳು ಎಂದಿನಂತೆ ಬಂದವು, ಯಾರನ್ನೂ ಕೇಳದೆ ಕುಡಿದವು. ಕಾಯುವವರು ಎಂದಿನಂತೆ ಕಲ್ಲಿಟ್ಟರು. ಮೊದಲು ಅಂಗೈಯಗಲದ ಕಲ್ಲು ಸಾಕಾಗುತ್ತಿತ್ತು. ಈಗ ಯಾಕೋ ಎಲ್ಲರಿಗೂ ಭಕ್ತಿ ಹೆಚ್ಚಾಗಿ, ಇಬ್ಬರು ಹೊರುವ ಕಲ್ಲೇ ಬೇಕಾಯಿತು.

ಸತೀಶ್‌ಕುಮಾರ್ ಬೋರ್ಡು ನೋಡಲು ಬರುವ ಹೊತ್ತಿಗೆ ಇಂಗ್ಲಿಷ್ ಸಾಲು ಕಲ್ಲಿನಡಿ ಸೇರಿತ್ತು. ಚಿನ್ನಣ್ಣ ಕುತ್ತಿಗೆವರೆಗೆ ಹೂತುಹೋಗಿದ್ದ.

“ಯಾವ ಬೇವರ್ಸಿಗಳ ಕೆಲ್ಸನಲೇ ಇದು? ತೆಗೀರಲೇ!” ಮುರುಗೇಶನ್ ಅರಚಿದ. ಒಬ್ಬರೂ ಅಲುಗಲಿಲ್ಲ. ತಾನೇ ಬಗ್ಗಿ ಒಂದು ಕಲ್ಲಿಗೆ ಕೈ ಹಾಕಿದ.

“ತೆಗೀರಿ ಸಾಮಿ,” ಎಂದಳು ಮಾರಕ್ಕ. “ನಿಮ್ಮ ಆಡೆಲ್ಲ ಗಬ್ಬ ಅವೆ. ಈರಮ್ಮ ಯಾರ ಮುಲಾಜೂ ನೋಡಾಕಿಲ್ಲ ಅಷ್ಟೇಯ.”

ಮುರುಗೇಶನ್ ಕೈ ತಾನಾಗಿ ಹಿಂದೆ ಬಂತು. ಸತೀಶ್‌ಕುಮಾರ್ ನಗು ತಡೆಯಲು ಆಕಾಶ ನೋಡಿದ.

“ಈ ಜಾಗಕ್ಕೆ ಏನಂತೀರಮ್ಮ?” ಎಂದು ಕೇಳಿದ.

ಮಾರಕ್ಕ ರೋಜಾಳ ಜೊತೆ ಚಪ್ಪಡಿಯೊಂದನ್ನು ಎತ್ತಿ ತಂದು ಬೋರ್ಡಿಗೆ ಒರಗಿಸಿದಳು. ಉಳಿದ ಅಕ್ಷರಗಳೂ ಮರೆಯಾದವು.

“ಈರಮ್ಮ, ಕುಡುದ್ವು ಕಣವ್ವ!”

ಆಮೇಲೆ ಕೈ ಕೊಡವಿಕೊಂಡು ಮುರುಗೇಶನ್ ಕಡೆ ತಿರುಗಿದಳು. “ಸಾಮಿ, ಕುರ್ಚಿ ವಸಿ ಅತ್ಲಾಗೆ ಆಕ್ಕಳಿ. ಇನ್ನೂ ಮಂದೆ ಬತ್ತಾ ಅವೆ.”

ಇಳಿಜಾರಿನಲ್ಲಿ ಕುರಿಗಳ ಧೂಳೆದ್ದಿತ್ತು. ಹಿಂದೆ ಬರುತ್ತಿದ್ದವರ ಹೆಗಲ ಮೇಲೆಲ್ಲ ಕಲ್ಲಿತ್ತು.