ಪ್ಯಾರಿಸಿನಲ್ಲಿ ಹೇಳುತ್ತೇನೆಂದ ಮಾತು

ಮಾನ್ವಿಯ ನಮ್ಮ ಅಕ್ಕಿ ಗಿರಣಿಯ ಆಫೀಸಿನಲ್ಲಿ ಒಂದು ಹಳೆಯ ಕ್ಯಾಲೆಂಡರ್ ತೂಗುತ್ತಿತ್ತು. ತಾರೀಖಿನ ಹಾಳೆಗಳು ಹರಿದುಹೋಗಿ ಎಷ್ಟೋ ವರ್ಷವಾಗಿದ್ದರೂ ನಮ್ಮ ಯಜಮಾನರು, ಮುದುಕಪ್ಪನವರು, ಅದನ್ನು ತೆಗೆಯಲು ಬಿಡುತ್ತಿರಲಿಲ್ಲ. ಅದರಲ್ಲಿ ಸಂಜೆಯ ನದಿ, ಒಂದು ದೋಣಿ, ಲಂಗ ಎತ್ತಿ ಹಿಡಿದು ನೀರಿಗಿಳಿಯುತ್ತಿರುವ ಹೆಂಗಸು. ಅಸಲು ಚಿತ್ರ ಪ್ಯಾರಿಸಿನ ಮ್ಯೂಸಿಯಮ್ಮಿನಲ್ಲಿದೆ ಎಂದು ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು.

"ಈ ಹೊಳಿ ನಮ್ಮ ಕೃಷ್ಣಾ ಇದ್ದಂಗ ಅದ ನೋಡು. ಆಕಿ ನಿನ್ನಂಗ ಅದಾಳ," ಎನ್ನುತ್ತಿದ್ದರು.

ನನ್ನ ತವರು ದೇವದುರ್ಗದಾಚೆ, ಕೃಷ್ಣೆಯ ಆ ದಡದಲ್ಲಿ. ಹರಿಗೋಲು ಹತ್ತಬೇಕಾದರೆ ಮೊಣಕಾಲುದ್ದ ನೀರಿಗಿಳಿಯಬೇಕು. ನಾನು ಸೀರೆ ಎತ್ತಿ ಹಿಡಿದು ನಡೆದರೆ, ಇವರು ನನ್ನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಹಿಂದೆ ಬರುತ್ತಿದ್ದರು. ಗಿರಣಿ ಸಾವುಕಾರ ಹೆಂಡತಿಯ ಚಪ್ಪಲಿ ಹಿಡಿದದ್ದು ಕಂಡು ಜನ ಮುಸಿಮುಸಿ ನಗುತ್ತಿದ್ದರು. ನಾಚಿಕೆಯಿಂದ ನನ್ನ ಜೀವ ಹೋಗುತ್ತಿತ್ತು, ಇವರಿಗೆ ಪರಿವೆಯೇ ಇಲ್ಲ. ಆಚೆ ದಡದಲ್ಲಿ ಬಗ್ಗಿ, ಅವನ್ನು ನನ್ನ ಪಾದಕ್ಕೆ ಸರಿಯಾಗಿ ಜೋಡಿಸಿ ಇಡುತ್ತಿದ್ದರು.

ಎಪ್ಪತ್ತೆಂಟರಲ್ಲಿ ಇವರಿಗೆ ಪ್ಯಾರಿಸಿಗೆ ಹೋಗಿ ಆ ಚಿತ್ರ ನೋಡುವ ಹುಚ್ಚು ಹಿಡಿಯಿತು. ರಾಯಚೂರಿನಲ್ಲಿ ರೇಡಿಯೊ ರಿಪೇರಿ ಮಾಡುವ ಖಾಸಿಂ ಸಾಬ್ ಎಲ್ಲಿಂದಲೋ ಫ್ರೆಂಚ್ ಕಲಿಸುವ ಗ್ರಾಮಫೋನ್ ಪ್ಲೇಟು ತಂದುಕೊಟ್ಟ. ಸಂಜೆ ಗಿರಣಿ ನಿಂತ ಮೇಲೆ, ತೌಡಿನ ಧೂಳು ಕೊಡವಿಕೊಂಡು ಇಬ್ಬರೂ ಅದರ ಮುಂದೆ ಕೂರುತ್ತಿದ್ದೆವು. ಟಿಕೆಟ್ ಕೊಳ್ಳುವ ಪಾಠ ಬಂದರೆ ಸಾಕು, ಮುಳ್ಳು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. 'ದ್ಯೊ ಬಿಯೆ, ಸಿಲ್ ವು ಪ್ಲೆ.' ಎರಡು ಟಿಕೆಟ್ ಕೊಡಿ. ಒಂದು ಟಿಕೆಟ್ ಕೇಳುವುದು ಹೇಗೆಂದು ನಾವು ಕಲಿಯಲಿಲ್ಲ, ಬೇಕೂ ಆಗಿರಲಿಲ್ಲ.

ಇವರಿಗೆ ಬಹಳ ಹಿಡಿಸಿದ್ದು 'ಮೆರ್ಸಿ', ಅಂದರೆ ಉಪಕಾರವಾಯಿತು ಅನ್ನುವ ಮಾತು. ನೀರು ಕೊಟ್ಟರೆ ಮೆರ್ಸಿ, ರೊಟ್ಟಿ ಬಡಿಸಿದರೆ ಮೆರ್ಸಿ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

"ನೀನೂ ನನಗ ಒಮ್ಮಿ ಅನ್ನು ನೋಡೋಣ," ಎಂದರು ಒಂದು ದಿನ.

"ಗಂಡಗ ಯಾರರ ಹಂಗ ಅಂತಾರೇನ್ರಿ? ನೀವೇನು ಹೊರಗಿನವರೇನು?"

"ಚಪ್ಪಲಿ ಹಿಡಿದೀನಲ್ಲ, ಅದಕ್ಕರ ಅನ್ನು."

"ಇಲ್ಲಿ ನಂಗ ಬಾಯಿ ಬರಂಗಿಲ್ಲ. ಪ್ಯಾರಿಸಿನ್ಯಾಗ ಅಂತೀನಿ, ಆ ಚಿತ್ರದ ಮುಂದ."

"ಖರೇನೂ?"

"ಖರೇನ್ರಿ."

ಪಾಸ್‌ಪೋರ್ಟ್ ಬಂದ ವರ್ಷವೇ ಅವರು ಲಿಂಗೈಕ್ಯರಾದರು. ಮುಂದೆ ಎಂಬತ್ತೈದರಲ್ಲಿ, ಹೈದರಾಬಾದಿನಿಂದ ಹೊರಟ ಪ್ರವಾಸದವರ ಜೊತೆ ನಾನೊಬ್ಬಳೇ ಹೆಸರು ಹಚ್ಚಿದೆ. ಕಾಶಿಗಾದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

"ಗಂಡ ಹೋದಾಕಿಗೆ ಪರದೇಶದ ತಿರುಗಾಟ ಬೇಕೇನಬೇ ವೀರಭದ್ರಮ್ಮ?" ಎಂದಳು ನೆಗೆಣ್ಣಿ ಬಸವಂತಮ್ಮ.

"ಅಲ್ಲಿ ಒಂದು ಮಾತು ಬಾಕಿ ಅದ," ಎಂದು ಟ್ರಂಕು ಮುಚ್ಚಿದೆ.

ಪ್ಯಾರಿಸಿನಲ್ಲಿ ಜೊತೆಯವರೆಲ್ಲ ಪೇಟೆಗೆ ಹೋದರು. ನಾನು ಕ್ಯಾಲೆಂಡರಿನಿಂದ ಚೀಟಿಯಲ್ಲಿ ಬರೆದುಕೊಂಡಿದ್ದ ಹೆಸರು ತೋರಿಸಿ ಮ್ಯೂಸಿಯಮ್ಮಿಗೆ ಬಂದೆ. ಕೌಂಟರಿನ ಹುಡುಗಿ ಮುಖ ಎತ್ತಿದಳು. ಬಾಯಿ ತಾನಾಗಿಯೇ 'ದ್ಯೊ ಬಿಯೆ' ಎಂದುಬಿಟ್ಟಿತು. ಕೈಗೆ ಎರಡು ಟಿಕೆಟ್ ಬಂದ ಮೇಲೆಯೇ ಎಚ್ಚರ. ಒಂದನ್ನು ತಿರುಗಿ ಕೊಡಬಹುದಿತ್ತು, ಮನಸ್ಸು ಬರಲಿಲ್ಲ. ಅದು ಅವರ ಟಿಕೆಟ್.

ಒಳಗೆ ಕೋಣೆಯಿಂದ ಕೋಣೆಗೆ ಹೋದೆ. ಒಂದು ಕಡೆ ಮುರಿದಿಟ್ಟ ರೊಟ್ಟಿ, ಒಂದು ಕಡೆ ಬಟ್ಟೆ ಹಿಂಡುವ ಮುದುಕಿ, ಕಿಟಕಿಯ ಬಿಸಿಲಲ್ಲಿ ಮಲಗಿದ ಬೆಕ್ಕು. ಖುಷಿಯಾದಾಗೆಲ್ಲ "ಇಲ್ಲಿ ನೋಡ್ರಿ" ಎಂದು ಪಕ್ಕಕ್ಕೆ ತಿರುಗಿ ಪೆಚ್ಚಾಗುತ್ತಿದ್ದೆ.

ನಮ್ಮ ಚಿತ್ರವಿದ್ದ ಕೋಣೆ ಗರ್ಭಗುಡಿಯಷ್ಟು ನಿಶ್ಶಬ್ದವಾಗಿತ್ತು. ಮೆಟ್ಟಿಕೊಂಡು ಹೋಗಲು ಕಾಲು ಏಳಲಿಲ್ಲ. ಬಾಗಿಲ ಹೊರಗೆ, ಗೋಡೆಗೆ ಒತ್ತಿ ಚಪ್ಪಲಿ ಬಿಟ್ಟೆ. ಮತ್ತೆ ಯಾರೂ ಬಿಟ್ಟಿರಲಿಲ್ಲ. ನೆಲ ತಣ್ಣಗೆ ಕೊರೆಯುತ್ತಿತ್ತು.

ಚಿತ್ರ ಕ್ಯಾಲೆಂಡರಿಗಿಂತ ಸ್ವಲ್ಪವೇ ದೊಡ್ಡದು. ನಮ್ಮಲ್ಲಿ ಹಳದಿಗಟ್ಟಿದ್ದ ನೀರು ಇಲ್ಲಿ ನಿಜವಾಗಿ ನೀರಾಗಿತ್ತು. ಅದರ ಮುಂದೆ ನಿಂತು ಆ ಮಾತು ಹೇಳಲು ಬಾಯಿ ತೆರೆದೆ. ಬರಲಿಲ್ಲ. ಕೇಳಬೇಕಾದವರು ಇಲ್ಲದೆ ಯಾರಿಗೆ ಹೇಳಲಿ? ಇಷ್ಟು ದೂರ ಬಂದದ್ದೇ ದಂಡವೆನಿಸಿ ಅಳು ಬಂತು.

ಹಿಂದೆ ಯಾರೋ ಕೆಮ್ಮಿದರು. ಮ್ಯೂಸಿಯಮ್ಮಿನ ಕಾವಲುಗಾರ, ನರೆತ ಕೂದಲಿನವನು. ಅವನ ಕೈಯಲ್ಲಿ ನನ್ನ ಚಪ್ಪಲಿಗಳು.

"ಅಯ್ಯೋ ಯಪ್ಪಾ, ನೀವ್ಯಾಕ ಮುಟ್ಟಿದ್ರಿ!" ಎಂದೆ ಕನ್ನಡದಲ್ಲೇ.

ಅವನು ಏನೋ ಹೇಳಿದ, ತಿಳಿಯಲಿಲ್ಲ. ನಕ್ಕು, ನಿಧಾನಕ್ಕೆ ಬಗ್ಗಿ, ಚಪ್ಪಲಿಗಳನ್ನು ನನ್ನ ಪಾದಕ್ಕೆ ಸರಿಯಾಗಿ ಜೋಡಿಸಿ ಇಟ್ಟ. ಇವರು ಹೋದ ಮೇಲೆ ನನಗೆ ಯಾರೂ ಹಾಗೆ ಇಟ್ಟಿರಲಿಲ್ಲ.

"ಮೆರ್ಸಿ," ಎಂದೆ. ಹೊರಗಿನವನಿಗೆ ಎಷ್ಟು ಸಲೀಸಾಗಿ ಬಂತು!

ಅವನು ತಲೆಯಾಡಿಸಿ ಹೊರಟುಹೋದ. ನಾನು ಚಪ್ಪಲಿ ಮೆಟ್ಟಲಿಲ್ಲ. ಎರಡೂ ಟಿಕೆಟ್ ಮುಷ್ಟಿಯಲ್ಲಿ ಹಿಡಿದು, ಪಕ್ಕದ ಖಾಲಿ ಜಾಗಕ್ಕೆ ತಿರುಗಿದೆ.

"ಮೆರ್ಸಿ, ರೀ."